ತಂತಿಯ ಅಂಗಿ ಎಷ್ಟು ಬಿಸಿ ತಾಳುತ್ತದೆ?

ಅಂಬಿಕಾನಗರದ ಕೆಳಗೆ, ಕಾಳಿ ನದಿಯ ಕಣಿವೆಯಲ್ಲಿ ನಾಗಝರಿ ವಿದ್ಯುದಾಗಾರವಿದೆ. ಅಲ್ಲಿಂದ ಹೊರಟ ಅಲ್ಯೂಮಿನಿಯಂ ತಂತಿಗಳು ಗುಡ್ಡದ ನೆತ್ತಿಯ ಗೋಪುರಗಳನ್ನು ಹಿಡಿದು ಹುಬ್ಬಳ್ಳಿಯ ಕಡೆಗೆ ಸಾಗುತ್ತವೆ. ಅವುಗಳ ಮೈಮೇಲೆ ಏನೂ ಇಲ್ಲ. ಮಳೆ, ಮಂಜು, ಬಿಸಿಲು ನೇರವಾಗಿ ಲೋಹಕ್ಕೇ ತಾಗುತ್ತವೆ. ಕಾಡಂಚಿನ ಊರುಗಳಲ್ಲಿ ಕಂಬದಿಂದ ಕಂಬಕ್ಕೆ ಹಗ್ಗದಂತೆ ಹೊಸೆದ ಕಪ್ಪು ಕೇಬಲ್ ತೂಗುತ್ತಿರುತ್ತದೆ. ಹಂಚಿನ ಮನೆಯ ಒಳಗೆ ಬಂದರೆ, ಪ್ಲಾಸ್ಟಿಕ್ ಪೈಪಿನಲ್ಲಿ ಅಡಗಿದ ಕೆಂಪು, ಕಪ್ಪು ವೈರುಗಳು ಬಲ್ಬಿನವರೆಗೆ ಹೋಗುತ್ತವೆ.

ಮೂರೂ ಕಡೆ ಕೆಲಸ ಒಂದೇ, ಕರೆಂಟು ಸಾಗಿಸುವುದು. ಒಂದಕ್ಕೆ ಅಂಗಿಯೇ ಇಲ್ಲ, ಇನ್ನೊಂದಕ್ಕೆ ದಪ್ಪ ಅಂಗಿ, ಮತ್ತೊಂದಕ್ಕೆ ಅಂಗಿಯ ಮೇಲೆ ಪೈಪಿನ ಕವಚ. ಹೊದಿಕೆ ಇರುವುದು ಮುಟ್ಟಿದವರಿಗೆ ಶಾಕ್ ಹೊಡೆಯದಿರಲಿ ಎಂದು. ಇದು ಎಲ್ಲರಿಗೂ ಗೊತ್ತಿರುವ ಮಾತು. ತಂತಿ ಎಷ್ಟು ಕರೆಂಟು ಹೊರಬಲ್ಲದು ಎಂಬುದನ್ನು ತೀರ್ಮಾನಿಸುವುದರಲ್ಲೂ ಅದೇ ಹೊದಿಕೆಯ ಪಾಲು ದೊಡ್ಡದು. ಮನೆ ಕಟ್ಟಿಸುವಾಗ ‘ಒಂದೂವರೆ ವೈರು ಸಾಕೆ, ಎರಡೂವರೆ ಬೇಕೆ’ ಎಂದು ಎಲೆಕ್ಟ್ರಿಷಿಯನ್ ಕೇಳುವ ಪ್ರಶ್ನೆಯ ಹಿಂದೆ ಇದೇ ಲೆಕ್ಕ ಇದೆ.

ಬಿಸಿ ಹುಟ್ಟುವ ಬಗೆ

ಯಾವ ಲೋಹವೂ ಕರೆಂಟಿಗೆ ಪೂರ್ತಿ ದಾರಿ ಬಿಡುವುದಿಲ್ಲ. ತಾಮ್ರ, ಅಲ್ಯೂಮಿನಿಯಂ ಒಳ್ಳೆಯ ವಾಹಕಗಳೇ ಆದರೂ ಅವುಗಳಲ್ಲಿ ಅಲ್ಪಸ್ವಲ್ಪ ರೋಧ ಇದ್ದೇ ಇದೆ. ಆ ರೋಧವನ್ನು ದಾಟುವಾಗ ವಿದ್ಯುತ್ತಿನ ಒಂದು ಪಾಲು ಶಾಖವಾಗಿ ಬದಲಾಗುತ್ತದೆ. ಈ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಇಂಗ್ಲೆಂಡಿನ ಜೇಮ್ಸ್ ಜೂಲ್ 1841ರಲ್ಲಿ ಪ್ರಕಟಿಸಿದ. ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಮನೆಗಳಲ್ಲಿ ದೀಪ, ಫ್ಯಾನಿಗೆ ಎಳೆಯುವ 1.5 ಚದರ ಮಿ.ಮೀ. ತಾಮ್ರದ ವೈರನ್ನು ತೆಗೆದುಕೊಳ್ಳಬಹುದು. ಇದರ ರೋಧ ಕಿಲೋಮೀಟರಿಗೆ ಸುಮಾರು 12 ಓಮ್. 10 ಆಂಪಿಯರ್ ಹರಿದರೆ ಪ್ರತಿ ಮೀಟರಿನಲ್ಲಿ ಹುಟ್ಟುವ ಶಾಖ ಸುಮಾರು 1.2 ವ್ಯಾಟ್. 20 ಆಂಪಿಯರ್ ಹರಿದರೆ 4.8 ವ್ಯಾಟ್. 30 ಆಂಪಿಯರಿಗೆ ಅದು 11 ವ್ಯಾಟಿನ ಹತ್ತಿರಕ್ಕೆ ಹೋಗುತ್ತದೆ. ಜೊತೆಗೆ, ತಾಮ್ರ ಬಿಸಿಯಾದಷ್ಟೂ ಅದರ ರೋಧ ಹೆಚ್ಚುತ್ತದೆ. 20 ಡಿಗ್ರಿಯಲ್ಲಿದ್ದ ತಾಮ್ರ 70 ಡಿಗ್ರಿಗೆ ಏರುವಷ್ಟರಲ್ಲಿ ರೋಧ ಐದನೇ ಒಂದು ಭಾಗದಷ್ಟು ಬೆಳೆದಿರುತ್ತದೆ. ಬಿಸಿ ಮತ್ತಷ್ಟು ಬಿಸಿಯನ್ನು ಹುಟ್ಟಿಸುತ್ತದೆ.

ಹುಟ್ಟಿದ ಶಾಖ ಹೊರಗೆ ಹೋಗದಿದ್ದರೆ ತಂತಿಯ ಉಷ್ಣತೆ ಏರುತ್ತಲೇ ಇರಬೇಕಿತ್ತು. ಹಾಗಾಗುವುದಿಲ್ಲ, ಏಕೆಂದರೆ ತಂತಿ ಬಿಸಿಯಾದಂತೆ ಸುತ್ತಲಿನ ಗಾಳಿಗೆ, ಗೋಡೆಗೆ ಶಾಖವನ್ನು ಬಿಟ್ಟುಕೊಡುತ್ತದೆ. ಹುಟ್ಟುವ ಶಾಖವೂ ಹೊರಹೋಗುವ ಶಾಖವೂ ಸಮವಾದ ಕಡೆ ಉಷ್ಣತೆ ನಿಲ್ಲುತ್ತದೆ. ಹೀಗೆ ನಿಲ್ಲುವ ಉಷ್ಣತೆಯನ್ನು ಹೊದಿಕೆ ದಿನವೂ ತಾಳಿಕೊಳ್ಳುವಂತಿರಬೇಕು. ಹೊದಿಕೆ ತಾಳುವ ಕೊನೆಯ ಮಟ್ಟದ ಬಿಸಿಯನ್ನು ತರುವ ಕರೆಂಟೇ ಆ ವೈರಿನ ಸಾಮರ್ಥ್ಯ.

ಹೊದಿಕೆ ಕಂಬಳಿಯೆ?

ಚಳಿಗೆ ಕಂಬಳಿ ಹೊದ್ದರೆ ಮೈ ಬೆಚ್ಚಗಾಗುತ್ತದೆ. ಹಾಗೆಯೇ ಪ್ಲಾಸ್ಟಿಕ್ ಹೊದಿಸಿದ ತಂತಿ ಬರಿ ತಂತಿಗಿಂತ ಹೆಚ್ಚು ಬಿಸಿಯಾಗಬೇಕು ಎಂದು ತೋರುವುದು ಸಹಜ. ದಪ್ಪ ಕೊಳವೆಗಳ ವಿಷಯದಲ್ಲಿ ಅದು ನಿಜ. ಮನೆಯ ಸಣ್ಣ ವೈರುಗಳ ವಿಷಯದಲ್ಲಿ ಆಗುವುದು ಇದಕ್ಕೆ ವಿರುದ್ಧ.

1.5 ಚದರ ಮಿ.ಮೀ. ವೈರಿನ ತಾಮ್ರದ ವ್ಯಾಸ ಸುಮಾರು 1.4 ಮಿ.ಮೀ. ಅದರ ಮೇಲೆ 0.7 ಮಿ.ಮೀ. ದಪ್ಪದ ಪಿವಿಸಿ ಪ್ಲಾಸ್ಟಿಕ್ ಹೊದಿಸಿದರೆ ವ್ಯಾಸ 2.8 ಮಿ.ಮೀ. ಆಗುತ್ತದೆ. ಅಂದರೆ ಗಾಳಿಗೆ ತಾಗುವ ಹೊರಮೈ ಎರಡು ಪಟ್ಟಾಯಿತು. ಪಿವಿಸಿ ಶಾಖಕ್ಕೆ ಅಡ್ಡಿ ಮಾಡುವುದು ನಿಜ, ಆದರೆ ಪದರ ತೆಳುವಾದ್ದರಿಂದ ಅಡ್ಡಿ ಅಲ್ಪ. ಮೀಟರಿಗೆ 2.7 ವ್ಯಾಟ್ ಶಾಖ ಹುಟ್ಟುವಾಗ, ಅಂದರೆ ಸುಮಾರು 15 ಆಂಪಿಯರ್ ಹರಿಯುವಾಗ, ಆ ಪದರದ ಒಳಮೈಗೂ ಹೊರಮೈಗೂ ಇರುವ ಅಂತರ 2 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಶಾಖಕ್ಕೆ ನಿಜವಾದ ತಡೆ ಇರುವುದು ಹೊರಮೈಯಿಂದ ಗಾಳಿಗೆ ದಾಟುವ ಕಡೆಯಲ್ಲಿ. ಅಲ್ಲಿ ಮೈ ಅಗಲವಾದಷ್ಟೂ ದಾಟುವುದು ಸುಲಭ.

ಇನ್ನೊಂದು ಕಾರಣವೂ ಇದೆ. ಹೊಳೆಯುವ ಲೋಹ ತನ್ನ ಶಾಖವನ್ನು ವಿಕಿರಣವಾಗಿ ಹೊರಸೂಸುವುದರಲ್ಲಿ ಜಿಪುಣ. ಪಿವಿಸಿಯ ಮಂಕು ಮೈ ಅದನ್ನು ಧಾರಾಳವಾಗಿ ಸೂಸುತ್ತದೆ. ಈ ಎರಡೂ ಸೇರಿ, ನಿಂತ ಗಾಳಿಯಲ್ಲಿ ಒಂದೇ ಕರೆಂಟು ಹೊತ್ತ ಎರಡು ಸಣ್ಣ ತಂತಿಗಳಲ್ಲಿ ಹೊದಿಕೆಯದೇ ಹೆಚ್ಚು ತಣ್ಣಗಿರುತ್ತದೆ.

ಹೊದಿಕೆಯನ್ನು ದಪ್ಪ ಮಾಡುತ್ತ ಹೋದರೆ ಈ ಲಾಭ ಕೊನೆಯವರೆಗೆ ಉಳಿಯುವುದಿಲ್ಲ. ಒಂದು ಹಂತ ದಾಟಿದ ಮೇಲೆ ಪದರದ ಅಡ್ಡಿಯೇ ಮೇಲುಗೈಯಾಗಿ, ಹೊದಿಕೆ ಕಂಬಳಿಯಂತೆ ವರ್ತಿಸತೊಡಗುತ್ತದೆ. ಈ ಹಂತವನ್ನು ‘ಕ್ರಾಂತಿಕ ತ್ರಿಜ್ಯ’ ಎನ್ನುತ್ತಾರೆ. ನಿಂತ ಗಾಳಿಯಲ್ಲಿ ಪಿವಿಸಿಗೆ ಅದು ಸುಮಾರು ಒಂದು ಸೆಂಟಿಮೀಟರಿನ ಆಸುಪಾಸು. ಮನೆಯ ವೈರುಗಳು ಅದಕ್ಕಿಂತ ಬಹಳ ತೆಳು.

ಮಿತಿ ಹಾಕುವುದು ಹೊದಿಕೆ

ಹಾಗಿದ್ದರೂ ಹೊದಿಕೆಯ ವೈರಿಗೆ ಕಡಿಮೆ ಕರೆಂಟಿನ ಮಿತಿಯನ್ನೇ ಹಾಕುತ್ತಾರೆ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಹೊದಿಕೆ ಅದಕ್ಕಿಂತ ಎಷ್ಟೋ ಮೊದಲೇ ಸೋಲುತ್ತದೆ. ಸಾಧಾರಣ ಪಿವಿಸಿ ನಿರಂತರವಾಗಿ ತಾಳುವುದು 70 ಡಿಗ್ರಿ. ಎಕ್ಸ್‌ಎಲ್‌ಪಿಇ ಎಂದು ಕರೆಯುವ, ಅಣುಸರಪಳಿಗಳನ್ನು ಅಡ್ಡಡ್ಡ ಹೆಣೆದ ಪಾಲಿಥೀನ್ 90 ಡಿಗ್ರಿ ತಾಳುತ್ತದೆ. ಹಳೆಯ ನೈಸರ್ಗಿಕ ರಬ್ಬರಿನ ಹೊದಿಕೆಗೆ 60 ಡಿಗ್ರಿಯೇ ಗಡಿ. ಶಾರ್ಟ್ ಆದಾಗಿನ ಕ್ಷಣಮಾತ್ರದ ಬಿಸಿಗೆ ಪಿವಿಸಿಯ ಮಿತಿ 160 ಡಿಗ್ರಿ, ಎಕ್ಸ್‌ಎಲ್‌ಪಿಇಯದು 250 ಡಿಗ್ರಿ.

ಮಿತಿ ದಾಟಿದ ಕೂಡಲೇ ಹೊದಿಕೆ ಹೊತ್ತಿ ಉರಿಯುವುದಿಲ್ಲ. ಮೊದಲು ಅದು ಮೆತ್ತಗಾಗುತ್ತದೆ. ಪಿವಿಸಿಗೆ ಮೃದುತನ ಕೊಡಲು ಬೆರೆಸಿದ ಪದಾರ್ಥ ನಿಧಾನವಾಗಿ ಆವಿಯಾಗುತ್ತದೆ. ವರ್ಷಗಳು ಕಳೆದಂತೆ ವೈರು ಬಿರುಸಾಗಿ, ಬಾಗಿಸಿದ ಕಡೆ ಬಿರುಕು ಬಿಡುತ್ತದೆ. ಉಷ್ಣತೆ 8ರಿಂದ 10 ಡಿಗ್ರಿ ಹೆಚ್ಚಾದರೆ ಹೊದಿಕೆಯ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಒರಟು ಅಂದಾಜು. ಹಳೆಯ ಮನೆಯ ಸ್ವಿಚ್ ಬೋರ್ಡು ಬಿಚ್ಚಿದಾಗ ಮುಟ್ಟಿದರೆ ಉದುರುವ ವೈರು ಕಂಡರೆ, ಅದು ಎಷ್ಟೋ ವರ್ಷ ಬಿಸಿ ತಿಂದಿದೆ ಎಂದೇ ಅರ್ಥ.

ತಾಳುವ ಮಿತಿ ಏರಿದರೆ ಸಾಮರ್ಥ್ಯವೂ ಏರುತ್ತದೆ. ಸುತ್ತಲಿನ ಗಾಳಿ 30 ಡಿಗ್ರಿ ಇದ್ದಾಗ ಪಿವಿಸಿಗೆ ಏರಲು ಸಿಗುವ ಅವಕಾಶ 40 ಡಿಗ್ರಿ. ಎಕ್ಸ್‌ಎಲ್‌ಪಿಇಗೆ 60 ಡಿಗ್ರಿ. ಅವಕಾಶ ಒಂದೂವರೆ ಪಟ್ಟಾದರೂ, ಶಾಖ ಕರೆಂಟಿನ ವರ್ಗದಂತೆ ಏರುವ ಕಾರಣ, ಅದೇ ತಾಮ್ರದಲ್ಲಿ ಹೆಚ್ಚಾಗಿ ಸಾಗುವ ಕರೆಂಟು ಸುಮಾರು ಐದನೇ ಒಂದು ಭಾಗ ಮಾತ್ರ.

ತೇಗದ ಪಟ್ಟಿಯಿಂದ ಪ್ಲಾಸ್ಟಿಕ್ ಪೈಪಿಗೆ

ಕರ್ನಾಟಕದಲ್ಲಿ ವಿದ್ಯುತ್ತು ದೂರ ಸಾಗಿದ್ದು 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್. ಅಂಥ ದೂರದ ಮಾರ್ಗಗಳಿಗೆ ಅಂದೂ ಬರಿ ತಂತಿಯೇ, ಇಂದೂ ಬರಿ ತಂತಿಯೇ.

ಮನೆಯೊಳಗಿನ ಕಥೆ ಬೇರೆ. ಹಿಂದಿನ ವೈರುಗಳಿಗೆ ರಬ್ಬರಿನ ಪದರ, ಅದರ ಮೇಲೆ ಹತ್ತಿಯ ನೇಯ್ಗೆ ಇರುತ್ತಿತ್ತು. ಅವನ್ನು ಗೋಡೆಯ ಮೇಲೆ ತೇಗದ ಪಟ್ಟಿಗೆ ತಗಡಿನ ಕ್ಲಿಪ್ಪಿನಿಂದ ಬಿಗಿಯುತ್ತಿದ್ದರು, ಇಲ್ಲವೇ ತೇಗದ ಮುಚ್ಚಳವಿರುವ ತೋಡಿನೊಳಗೆ ಕೂರಿಸುತ್ತಿದ್ದರು. ಚೆನ್ನಾಗಿ ಒಣಗಿಸಿದ ತೇಗ ಬೇಗ ಸೊಟ್ಟಗಾಗುವುದಿಲ್ಲ, ಗೆದ್ದಲಿಗೂ ಸುಲಭವಾಗಿ ಬಗ್ಗುವುದಿಲ್ಲ. ದಾಂಡೇಲಿಯ ಕಾಡು ನಾಡಿನಲ್ಲೆಲ್ಲ ಹೆಸರಾದದ್ದು ಇದೇ ಮರದಿಂದ. ಪಟ್ಟಿಯ ಮೇಲಿನ ವೈರು ತೆರೆದ ಗಾಳಿಯಲ್ಲಿ ಇರುತ್ತಿದ್ದುದರಿಂದ ಅದರ ಬಿಸಿ ಸುಲಭವಾಗಿ ಹೊರಹೋಗುತ್ತಿತ್ತು.

ಅಮೆರಿಕದ ವಾಲ್ಡೊ ಸೆಮನ್ 1926ರಲ್ಲಿ ಪಿವಿಸಿಯನ್ನು ಮೆತ್ತಗಾಗಿಸುವ ದಾರಿ ಕಂಡುಕೊಂಡ ಮೇಲೆ ರಬ್ಬರಿನ ಕಾಲ ಹಿಂದೆ ಸರಿಯಿತು. 1960ರ ದಶಕದಲ್ಲಿ ಎಕ್ಸ್‌ಎಲ್‌ಪಿಇ ಬಂತು. ವೈರು ಗೋಡೆಯ ಮೇಲಿಂದ ಗೋಡೆಯೊಳಗಿನ ಪೈಪಿಗೆ ಇಳಿಯಿತು. ನೋಟ ಅಂದವಾಯಿತು, ಬಿಸಿ ಹೊರಹೋಗುವ ದಾರಿ ಕಿರಿದಾಯಿತು.

ಪೈಪು, ಗುಂಪು, ಹಂಚಿನ ಬಿಸಿ

ವೈರಿನ ಸುತ್ತಲಿನ ಜಾಗ ಎಂಥದು ಎಂಬುದು ಹೊದಿಕೆಯಷ್ಟೇ ಮುಖ್ಯ. ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ ಕೋಷ್ಟಕದಲ್ಲಿ, ಗಾಳಿ 30 ಡಿಗ್ರಿ ಇದ್ದಾಗ, 2.5 ಚದರ ಮಿ.ಮೀ. ತಾಮ್ರದ ಪಿವಿಸಿ ಕೇಬಲನ್ನು ಗೋಡೆಯ ಮೇಲೆ ತೆರೆದು ಕೂರಿಸಿದರೆ ಅದು 27 ಆಂಪಿಯರ್ ಹೊರಬಲ್ಲದು. ಅಷ್ಟೇ ಗಾತ್ರದ ವೈರುಗಳನ್ನು ಪೈಪಿನೊಳಗೆ ಎಳೆದರೆ 24 ಆಂಪಿಯರ್. ಪೈಪನ್ನು ಶಾಖ ತಡೆಯುವ ಪದಾರ್ಥ ತುಂಬಿದ ಗೋಡೆಯಲ್ಲಿ ಹುದುಗಿಸಿದರೆ 19.5 ಆಂಪಿಯರ್. ತಾಮ್ರವೂ ಅದೇ, ಪಿವಿಸಿಯೂ ಅದೇ. ಶಾಖದ ದಾರಿ ಮಾತ್ರ ಬೇರೆ.

ಇದು ತಂಪಾದ ಮನೆಯ ಲೆಕ್ಕ. ಮುಂಡಗೋಡ, ಹಳಿಯಾಳದ ಬಯಲು ಸೀಮೆಯ ಕಡೆ ಏಪ್ರಿಲ್ ಬಿಸಿಲಿಗೆ ಹಂಚಿನ ಅಥವಾ ತಗಡಿನ ಮಾಡಿನ ಕೆಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿಯಾಗಿರುತ್ತದೆ. ಗಾಳಿಯೇ 40 ಡಿಗ್ರಿಗೆ ಬಂದರೆ ಪಿವಿಸಿಗೆ ಉಳಿಯುವ ಅವಕಾಶ 30 ಡಿಗ್ರಿ ಮಾತ್ರ, ಆಗ ವೈರಿನ ಸಾಮರ್ಥ್ಯವನ್ನು 0.87ರಿಂದ ಗುಣಿಸಬೇಕು. 50 ಡಿಗ್ರಿಯಾದರೆ 0.71ರಿಂದ.

ಒಂದೇ ಪೈಪಿನಲ್ಲಿ ಹಲವು ವೈರುಗಳನ್ನು ತುರುಕಿದರೆ ಒಂದರ ಬಿಸಿ ಇನ್ನೊಂದಕ್ಕೆ ತಗಲುತ್ತದೆ. ಎರಡು ಸರ್ಕ್ಯೂಟ್ ಜೊತೆಯಲ್ಲಿದ್ದರೆ ಗುಣಕ 0.80, ಮೂರಿದ್ದರೆ 0.70. ಪೈಪಿನಲ್ಲಿ 24 ಆಂಪಿಯರ್ ಹೊರುತ್ತಿದ್ದ ವೈರು 40 ಡಿಗ್ರಿಯ ಗಾಳಿಯಲ್ಲಿ, ಮೂರು ಸರ್ಕ್ಯೂಟುಗಳ ಗುಂಪಿನಲ್ಲಿ, ಎಲ್ಲವೂ ತುಂಬು ಹೊರೆ ಹೊತ್ತಾಗ, 15 ಆಂಪಿಯರಿಗಿಂತ ಕೆಳಗಿಳಿಯುತ್ತದೆ. 3 ಕಿಲೋವ್ಯಾಟಿನ ಗೀಜರ್ ಒಂದೇ 13 ಆಂಪಿಯರ್ ಎಳೆಯುತ್ತದೆ.

ಅಟ್ಟದ ಮೇಲೆ ಹುಲ್ಲು, ಗೋಣಿಚೀಲ, ಹಳೆಯ ಹಾಸಿಗೆ ಪೇರಿಸುವ ಮನೆಗಳಲ್ಲಿ ಅವುಗಳ ಅಡಿಯಲ್ಲಿ ವೈರು ಹಾದುಹೋದರೆ ನಿಜವಾದ ಕಂಬಳಿ ಬಿದ್ದಂತೆ. ಅರ್ಧ ಮೀಟರಿಗಿಂತ ಹೆಚ್ಚು ಉದ್ದ ಪೂರ್ತಿ ಮುಚ್ಚಿಹೋದ ವೈರಿನ ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಿಯೇ ಲೆಕ್ಕ ಹಾಕಬೇಕೆಂದು ಬ್ರಿಟಿಷ್ ವೈರಿಂಗ್ ನಿಯಮಾವಳಿ ಹೇಳುತ್ತದೆ. ಮದುವೆ ಚಪ್ಪರಕ್ಕೆ, ಜಾತ್ರೆಯ ಅಂಗಡಿಗೆ ಎಳೆಯುವ ಉದ್ದದ ವೈರನ್ನು ಸುರುಳಿ ಬಿಚ್ಚದೆ ಬಳಸಿದಾಗಲೂ ಆಗುವುದು ಇದೇ. ಸುರುಳಿಯ ಒಳಗಿನ ಸುತ್ತುಗಳಿಗೆ ಗಾಳಿಯೇ ತಾಗುವುದಿಲ್ಲ.

ಕಾಡಿನಲ್ಲಿ ಬರಿ ತಂತಿ, ಹೊಸೆದ ಕೇಬಲ್

ಕಂಬದ ಮೇಲಿನ ಬರಿ ತಂತಿಗೆ ಹೊದಿಕೆ ಎಂದರೆ ಗಾಳಿಯೇ. ಪಿಂಗಾಣಿಯ ಇನ್ಸುಲೇಟರು ತಂತಿಯನ್ನು ಕಂಬದಿಂದ ದೂರ ಹಿಡಿಯುತ್ತದೆ. ಉಳಿದ ಕೆಲಸ ಗಾಳಿಯದು. ಅದಕ್ಕೆ ಜಾಗ ಬೇಕು. ಕಾಡಿನಲ್ಲಿ 11 ಕಿಲೋವೋಲ್ಟ್ ಮಾರ್ಗಕ್ಕೆ 7 ಮೀಟರ್, 220 ಕಿಲೋವೋಲ್ಟಿಗೆ 35 ಮೀಟರ್ ಅಗಲದ ಪಟ್ಟಿಯನ್ನು ಕೇಂದ್ರ ಸರ್ಕಾರದ ಮಾರ್ಗಸೂಚಿ ಗೊತ್ತುಮಾಡಿದೆ.

ಈ ತಂತಿಗಳಲ್ಲಿ ನಡುವೆ ಉಕ್ಕಿನ ಎಳೆ, ಸುತ್ತ ಅಲ್ಯೂಮಿನಿಯಂ ಎಳೆಗಳು. ಬ್ರಿಟಿಷರ ಕಾಲದ ರೂಢಿಯಂತೆ ಗಾತ್ರಗಳಿಗೆ ಪ್ರಾಣಿಗಳ ಹೆಸರಿದೆ: ವೀಸೆಲ್, ರ‍್ಯಾಬಿಟ್, ಕಾಯೋಟಿ, ಪ್ಯಾಂಥರ್, ಮೂಸ್. ಹಳ್ಳಿಯ ಮಾರ್ಗಗಳಲ್ಲಿ ಲೈನ್‌ಮನ್‌ಗಳು ಹೆಚ್ಚಾಗಿ ಕಾಣುವುದು ವೀಸೆಲ್ ಮತ್ತು ರ‍್ಯಾಬಿಟ್. ಸುಮಾರು 53 ಚದರ ಮಿ.ಮೀ. ಅಲ್ಯೂಮಿನಿಯಂ ಇರುವ ರ‍್ಯಾಬಿಟ್ ತಂತಿ ಸುಮಾರು 200 ಆಂಪಿಯರ್ ಹೊರಬಲ್ಲದು. ಸೆಕೆಂಡಿಗೆ ಅರ್ಧ ಮೀಟರಿನ ಮೆಲುಗಾಳಿಯಾದರೂ ಬೀಸುತ್ತಿರುತ್ತದೆ ಎಂದು ನಂಬಿ ಇಂಥ ಲೆಕ್ಕಗಳನ್ನು ಮಾಡುತ್ತಾರೆ. ಹೆಚ್ಚು ಗಾಳಿ ಬೀಸಿದರೆ ತಂತಿ ಇನ್ನೂ ತಣ್ಣಗಿರುತ್ತದೆ.

ಕರಗುವ ಹೊದಿಕೆ ಇಲ್ಲದಿದ್ದರೂ ಬರಿ ತಂತಿಗೆ ಮಿತಿ ಇದೆ. ಅಲ್ಯೂಮಿನಿಯಂ ಬಿಸಿಯಾದಂತೆ ಬಿಗಿ ಕಳೆದುಕೊಳ್ಳುತ್ತದೆ, ಉದ್ದವಾಗುತ್ತದೆ. ಎರಡು ಕಂಬಗಳ ನಡುವಿನ 100 ಮೀಟರ್ ತಂತಿ 40 ಡಿಗ್ರಿ ಹೆಚ್ಚು ಬಿಸಿಯಾದರೆ 7ರಿಂದ 8 ಸೆಂಟಿಮೀಟರ್ ಹಿಗ್ಗುತ್ತದೆ. ನಡುವಿನ ಜೋಲು ಮಾತ್ರ ಇದರ ಹಲವು ಪಟ್ಟು ಹೆಚ್ಚುತ್ತದೆ. ಆದ್ದರಿಂದ ಇಂಥ ತಂತಿಯನ್ನು ಸಾಮಾನ್ಯವಾಗಿ 75ರಿಂದ 85 ಡಿಗ್ರಿಯೊಳಗೆ ಇಡುತ್ತಾರೆ. ಬೇಸಿಗೆಯಲ್ಲಿ ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರಿದರೆ ಒಣಗಿದ ಕಬ್ಬಿನ ಗದ್ದೆಗೆ ಬೆಂಕಿ ಹತ್ತುತ್ತದೆ. ಹಳಿಯಾಳದಂಥ ಕಬ್ಬಿನ ಸೀಮೆಯ ರೈತರಿಗೆ ಈ ಭಯ ಹೊಸದಲ್ಲ.

ಕಾಡಿನ ಮಾರ್ಗಕ್ಕೆ ಇನ್ನೊಂದು ಚಿಂತೆ ಮರ ಮತ್ತು ಜೀವಿಗಳದು. ಮಳೆಗಾಲದಲ್ಲಿ ಟೊಂಗೆ ಬಿದ್ದರೆ ಬರಿ ತಂತಿಯ ಮಾರ್ಗ ಬಂದ್. ಮಂಗ, ಕೆಂಜಳಿಲು ಎರಡು ತಂತಿಗಳನ್ನು ಒಟ್ಟಿಗೆ ಮುಟ್ಟಿದರೆ ಸಾವು. ದೊಡ್ಡ ಮಂಗಟ್ಟೆ ಹಕ್ಕಿ ರೆಕ್ಕೆ ಬಿಚ್ಚಿದರೆ ಸುಮಾರು ಒಂದೂವರೆ ಮೀಟರ್ ಅಗಲ; ಅದಕ್ಕೂ ಇದೇ ಅಪಾಯ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಾಡಿಗೆ ಎಕ್ಸ್‌ಎಲ್‌ಪಿಇ ಹೊದಿಸಿ ಹೊಸೆದ ಕೇಬಲ್ ಹೊಂದುವುದು ಈ ಕಾರಣಕ್ಕೆ. ಎಬಿ ಕೇಬಲ್ ಎಂದು ಕರೆಯುವ ಈ ಕಟ್ಟಿಗೆ ಅಗಲವಾದ ಜಾಗ ಬೇಡ, ಟೊಂಗೆ ತಾಗಿದರೂ ಕರೆಂಟು ಹೋಗುವುದಿಲ್ಲ.

ಇದಕ್ಕೂ ಬೆಲೆ ತೆರಬೇಕು. ಬಿಡಿಬಿಡಿಯಾಗಿ ಗಾಳಿಯಲ್ಲಿದ್ದ ಮೂರು ತಂತಿಗಳು ಇಲ್ಲಿ ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಒಂದರ ಬಿಸಿ ಇನ್ನೊಂದಕ್ಕೆ. ಹೊದಿಕೆ 90 ಡಿಗ್ರಿ ತಾಳಿದರೂ, ಅಷ್ಟೇ ಅಲ್ಯೂಮಿನಿಯಂ ಇರುವ ಬರಿ ತಂತಿಗಿಂತ ಈ ಕಟ್ಟು ಕಡಿಮೆ ಕರೆಂಟು ಹೊರುತ್ತದೆ. ಕಾಡಿನ ಊರಿಗೆ ಕೇಬಲ್ ಹಾಕುವಾಗ ಗಾತ್ರವನ್ನು ಒಂದು ಮೆಟ್ಟಿಲು ಮೇಲೇರಿಸಬೇಕಾಗುವುದು ಇದರಿಂದ.

ಯಂತ್ರದ ಒಳಗೂ ಅದೇ ನಿಯಮ

ನಾಗಝರಿಯ ಘಟಕಗಳು 1979ರಿಂದ ಒಂದೊಂದಾಗಿ ಕೆಲಸ ಆರಂಭಿಸಿದವು. ತಲಾ 135 ಮೆಗಾವ್ಯಾಟಿಗೆಂದು ಹೂಡಿದ್ದ ಅವುಗಳಲ್ಲಿ ಹೆಚ್ಚಿನವನ್ನು ಮುಂದೆ 150 ಮೆಗಾವ್ಯಾಟಿಗೆ ಏರಿಸಲಾಯಿತು. ಜಲವಿದ್ಯುತ್ ಯಂತ್ರಗಳ ಇಂಥ ಏರಿಕೆಯಲ್ಲಿ ಸಾಮಾನ್ಯವಾಗಿ ಸುರುಳಿಯ ಹೊದಿಕೆಯನ್ನು ಬದಲಿಸುತ್ತಾರೆ. ಹಳೆಯ ಬಿ ವರ್ಗದ ಹೊದಿಕೆ 130 ಡಿಗ್ರಿ ತಾಳಿದರೆ, ಅಭ್ರಕ ಮತ್ತು ಎಪಾಕ್ಸಿ ಅಂಟಿನ ಎಫ್ ವರ್ಗದ ಹೊದಿಕೆ 155 ಡಿಗ್ರಿ ತಾಳುತ್ತದೆ. ಅದು ತೆಳುವೂ ಆಗಿರುವುದರಿಂದ ಸುರುಳಿ ಕೂರುವ ಅದೇ ತೋಡಿನೊಳಗೆ ಹೆಚ್ಚು ತಾಮ್ರ ಹಿಡಿಸುತ್ತದೆ, ಬಿಸಿಯೂ ಸುಲಭವಾಗಿ ಹೊರಬರುತ್ತದೆ. ಅಣೆಕಟ್ಟು ಎತ್ತರಿಸದೆ, ಯಂತ್ರದ ಮೈ ಹಿಗ್ಗಿಸದೆ ಹೆಚ್ಚು ವಿದ್ಯುತ್ತು ಹುಟ್ಟುತ್ತದೆ.

ಹೊಲದ ಅಂಚಿನ ಟ್ರಾನ್ಸ್‌ಫಾರ್ಮರಿನಲ್ಲಿ, ಊರವರ ಮಾತಿನಲ್ಲಿ ‘ಟಿಸಿ’ಯಲ್ಲಿ, ಸುರುಳಿಗೆ ಸುತ್ತುವುದು ಕಾಗದ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದಂದಿನಿಂದ ಕಾಗದದ ಊರೆನಿಸಿದ ದಾಂಡೇಲಿಯವರಿಗೆ ಅದರ ಮೂಲದ್ರವ್ಯ ಸೆಲ್ಯುಲೋಸ್ ಎಂಬುದು ಗೊತ್ತು. ಬಿಸಿಲಿಗಿಟ್ಟ ಕಾಗದ ಹಳದಿಗಟ್ಟಿ ಪುಡಿಯಾಗುವಂತೆ, ಬಿಸಿ ಎಣ್ಣೆಯಲ್ಲಿ ಈ ಕಾಗದವೂ ಸವೆಯುತ್ತದೆ. ಉಷ್ಣತೆ 6 ಡಿಗ್ರಿ ಏರಿದರೆ ಸವೆಯುವ ವೇಗ ಇಮ್ಮಡಿ ಎಂಬುದು ಒಪ್ಪಿತ ಲೆಕ್ಕ. 25 ಕೆವಿಎ ಟಿಸಿ ಪ್ರತಿ ಫೇಸಿಗೆ ಕೊಡಬಲ್ಲದ್ದು ಸುಮಾರು 33 ಆಂಪಿಯರ್. ಕರೆಂಟು ಬಂದ ಗಳಿಗೆಯಲ್ಲೇ ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದರೆ ಒಳಗಿನ ಕಾಗದ ಆ ಹೊರೆಯನ್ನು ತನ್ನ ಆಯುಷ್ಯದಿಂದ ತೀರಿಸುತ್ತದೆ. ‘ಟಿಸಿ ಸುಟ್ಟಿತು’ ಎಂಬ ಮಾತಿನ ಹಿಂದೆ ಬಹುತೇಕ ಸೋತ ಹೊದಿಕೆಯೇ ಇರುತ್ತದೆ.

ಎಂಸಿಬಿ ಕಾಯುವುದು ವೈರನ್ನು

ಮೇನ್ ಸ್ವಿಚ್ಚಿನ ಪಕ್ಕದ ಎಂಸಿಬಿ ಅಥವಾ ಫ್ಯೂಜ್ ಇರುವುದು ಟಿವಿ, ಫ್ರಿಜ್ ಕಾಯಲು ಎಂಬ ನಂಬಿಕೆ ವ್ಯಾಪಕವಾಗಿದೆ. ಅದರ ಮೊದಲ ಕೆಲಸ ವೈರಿನ ಹೊದಿಕೆಯನ್ನು ಕಾಯುವುದು. ಹೊದಿಕೆ ತಾಳುವ ಉಷ್ಣತೆ ಮೀರುವ ಮೊದಲೇ ಅದು ಕರೆಂಟನ್ನು ಕಡಿಯಬೇಕು. ಆದ್ದರಿಂದ ಎಂಸಿಬಿಯ ಅಂಕಿ ವೈರಿನ ನಿಜವಾದ ಸಾಮರ್ಥ್ಯವನ್ನು ಮೀರಬಾರದು. ಅಂಗಡಿಯವನು ಹೇಳಿದ ಅಂಕಿಯನ್ನಲ್ಲ, ಪೈಪು, ಗುಂಪು, ಬೇಸಿಗೆ ಎಲ್ಲ ಕಳೆದು ಉಳಿದ ಅಂಕಿಯನ್ನು.

ಎಂಸಿಬಿ ತನ್ನ ಅಂಕಿ ದಾಟಿದ ಕೂಡಲೇ ಬೀಳುವುದೂ ಇಲ್ಲ. 1.13 ಪಟ್ಟು ಕರೆಂಟಿಗೆ ಅದು ಒಂದು ಗಂಟೆಯೊಳಗೆ ಬೀಳಕೂಡದು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು ಎಂಬುದು ನಿಯಮ. 16 ಆಂಪಿಯರಿನ ಎಂಸಿಬಿಯಲ್ಲಿ 18 ಆಂಪಿಯರ್ ತಾಸುಗಟ್ಟಲೆ ಹರಿಯಬಹುದು. ಬಿಸಿಲಲ್ಲಿ, ಗುಂಪಿನಲ್ಲಿ 15 ಆಂಪಿಯರಿಗೆ ಇಳಿದ ವೈರಿಗೆ ಆ ಎಂಸಿಬಿ ರಕ್ಷಣೆ ಕೊಡಲಾರದು. ಫ್ಯೂಜ್ ಪದೇಪದೇ ಹೋಗುತ್ತದೆಂದು ದಪ್ಪ ಎಳೆ ಕಟ್ಟುವುದು ಇದಕ್ಕಿಂತ ಅಪಾಯ. ಆಮೇಲೆ ಕರಗುವುದು ಫ್ಯೂಜಲ್ಲ, ಗೋಡೆಯೊಳಗಿನ ವೈರು.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಗೀಜರ್, ಇಂಡಕ್ಷನ್ ಒಲೆ, ಪಂಪಿಗೆ ಬೇರೆ ಬೇರೆ ಪೈಪಿನಲ್ಲಿ ಪ್ರತ್ಯೇಕ ವೈರು ಎಳೆಯಬೇಕು. ಮಾಡಿಗೆ ತಾಗಿಕೊಂಡು ಹೋಗುವ ವೈರಿಗೆ ಒಂದು ಗಾತ್ರ ಹೆಚ್ಚು ಹಾಕಬೇಕು. ಅಟ್ಟದ ಮೇಲಿನ ಸಾಮಾನನ್ನು ವೈರಿನಿಂದ ಸರಿಸಿಡಬೇಕು. ಐಎಸ್ಐ ಗುರುತಿರುವ ವೈರನ್ನೇ ಕೊಳ್ಳಬೇಕು; ಹೊಗೆ ಕಡಿಮೆ ಬಿಡುವ ಬಗೆ ಸಿಕ್ಕರೆ ಮನೆಯೊಳಗೆ ಅದು ಮೇಲು, ಏಕೆಂದರೆ ಉರಿಯುವ ಪಿವಿಸಿ ಉಸಿರುಗಟ್ಟಿಸುವ ಆಮ್ಲದ ಹೊಗೆ ಬಿಡುತ್ತದೆ. ಮುಟ್ಟಿದರೆ ಬಿಸಿ ಎನಿಸುವ ಪ್ಲಗ್, ಕಂದು ಬಣ್ಣಕ್ಕೆ ತಿರುಗಿದ ಬೋರ್ಡು ಕಂಡರೆ ಮೇನ್ ಸ್ವಿಚ್ ಆರಿಸಿ, ಜಾಯಿಂಟ್ ಬಿಚ್ಚಿಸಿ ನೋಡಿಸಬೇಕು. ಹೊದಿಕೆ ತನ್ನ ಮಿತಿಯನ್ನು ತಿಳಿಸುವುದು ಅಲ್ಲಿಯೇ.